ಸದ್ದಿಲ್ಲದ ಅಳುವಿಗೆ ಮದ್ದಿನ ಅಳತೆ

ಹುಬ್ಬು ಗಂಟಿಕ್ಕಿಕೊಳ್ಳುತ್ತದೆ. ಕಣ್ಣುಗಳು ಬಿಗಿಯಾಗಿ ಮುಚ್ಚಿಕೊಳ್ಳುತ್ತವೆ. ಮೂಗಿನ ಪಕ್ಕದಿಂದ ತುಟಿಯಂಚಿನ ತನಕ ಗೆರೆಯೊಂದು ಆಳವಾಗಿ ಮೂಡುತ್ತದೆ. ಪುಟ್ಟ ಬಾಯಿ ಅಗಲವಾಗಿ ತೆರೆದುಕೊಂಡು ಮುಖವೆಲ್ಲ ಕೆಂಪಾಗುತ್ತದೆ. ಆದರೆ ಸದ್ದಿಲ್ಲ! ವೆಂಟಿಲೇಟರಿನ ಕೊಳವೆ ಗಂಟಲಿನ ಧ್ವನಿತಂತುಗಳ ನಡುವೆ ಹಾದು ಶ್ವಾಸನಾಳಕ್ಕೆ ಇಳಿದಿರುತ್ತದಲ್ಲ, ಹಾಗಾಗಿ ಕೂಸು ಎಷ್ಟೇ ಅತ್ತರೂ ದನಿ ಹೊರಡುವುದಿಲ್ಲ. ಅಳುವ ಮಗುವಿಗೇ ಹಾಲು ಎಂದು ನಾವೆಲ್ಲ ಆಡಿಕೊಂಡು ಬಂದವರು. ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ ಮಲಗಿರುವ ಈ ಅಂಗೈಯಗಲದ ಜೀವಗಳು ಅಳುವುದು ಹೀಗೆ, ಮೂಕವಾಗಿ.

ಆ ನೋವನ್ನು ಕಂಡುಹಿಡಿಯುವುದು ಹೇಗೆ? ಕಂಡುಹಿಡಿದ ಮೇಲೆ ಮದ್ದು ಎಷ್ಟು ಕೊಡುವುದು? ಎರಡೇ ಪ್ರಶ್ನೆ. ಆದರೆ ಇವುಗಳ ಬೆನ್ನು ಹತ್ತಿದವರ ಕತೆಯನ್ನು ಓದುತ್ತ ಕೂತ ನನಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ. ಗ್ರಾಮಿನ ಹತ್ತು ಲಕ್ಷದಲ್ಲೊಂದು ಪಾಲಿನಲ್ಲಿ ಅಳೆಯುವ ಔಷಧಿ, ಹುಟ್ಟಿದ ಮೇಲೆ ದಿನದಿಂದ ದಿನಕ್ಕೆ ಕೆಲಸ ಕಲಿಯುವ ಲಿವರ್, ಕೆಲವೇ ಹನಿ ರಕ್ತದಿಂದ ಕಟ್ಟಿದ ಗಣಿತ! ನಮ್ಮ ಕಾಲದ ದೊಡ್ಡ ವೈದ್ಯಕೀಯ ಸಾಹಸಗಳ ಸಾಲಿನಲ್ಲಿ ಇದಕ್ಕೂ ಜಾಗ ಸಲ್ಲಬೇಕು ಎಂದು ನಾನು ಎದೆ ತಟ್ಟಿ ಹೇಳಬಲ್ಲೆ.

ಮೊದಲು ನಂಬಲಿಕ್ಕೇ ಆಗದ ಸಂಗತಿಯನ್ನು ಹೇಳಿಬಿಡುತ್ತೇನೆ. ಕೇವಲ 40 ವರ್ಷಗಳ ಹಿಂದೆ ವೈದ್ಯಲೋಕದ ದೊಡ್ಡ ಪಾಲು ಹಸುಗೂಸಿಗೆ ನೋವೇ ಆಗದು, ಆದರೂ ಅದು ನೆನಪಿನಲ್ಲಿ ಉಳಿಯದು ಎಂದು ನಂಬಿತ್ತು! ಅರಿವಳಿಕೆ ಕೊಟ್ಟರೆ ಕೂಸು ಉಳಿಯಲಿಕ್ಕಿಲ್ಲ ಎಂಬ ಭಯವೂ ಜೊತೆಗಿತ್ತು. 1985ರಲ್ಲಿ ಅಮೆರಿಕದ ವಾಷಿಂಗ್ಟನ್ನಿನಲ್ಲಿ ದಿನ ತುಂಬುವ ಮುನ್ನವೇ ಹುಟ್ಟಿದ ಗಂಡುಕೂಸೊಂದಕ್ಕೆ ಎದೆ ಸೀಳಿ ಶಸ್ತ್ರಚಿಕಿತ್ಸೆ ಮಾಡಿದರು. ಹೃದಯದ ಬಳಿ ಹುಟ್ಟಿದ ಮೇಲೆ ಮುಚ್ಚಿಕೊಳ್ಳಬೇಕಾದ ರಕ್ತನಾಳವೊಂದು ತೆರೆದೇ ಉಳಿದಿತ್ತು. ಆಗ ಕೂಸಿಗೆ ಕೊಟ್ಟಿದ್ದು ಪ್ಯಾಂಕ್ಯುರೋನಿಯಂ ಮಾತ್ರ. ಅದು ಸ್ನಾಯುಗಳನ್ನು ಅಲುಗದಂತೆ ಕಟ್ಟಿಹಾಕುವ ಔಷಧಿ, ನೋವನ್ನು ಎಳ್ಳಷ್ಟೂ ತಗ್ಗಿಸದು. ಕೂಸು ತೀರಿಕೊಂಡ ಮೇಲೆ ತಾಯಿಗೆ ಈ ವಿಷಯ ಗೊತ್ತಾಯಿತು. ಆಕೆ ಸುಮ್ಮನಾಗಲಿಲ್ಲ, ಪತ್ರದ ಮೇಲೆ ಪತ್ರ ಬರೆದಳು. ಸುದ್ದಿ ಪತ್ರಿಕೆಗೆ ಬಂತು, ದೇಶ ಬೆಚ್ಚಿಬಿತ್ತು.

ಅದೇ ಹೊತ್ತಿಗೆ ಅಟ್ಲಾಂಟಿಕ್ಕಿನ ಈಚೆ ದಡದಲ್ಲಿ, ಇಂದೋರಿನ ಎಂಜಿಎಂ ವೈದ್ಯಕೀಯ ಕಾಲೇಜಿನಲ್ಲಿ ಓದಿ ಆಕ್ಸ್‌ಫರ್ಡಿಗೆ ಹೋಗಿದ್ದ ನಮ್ಮವನೇ ಒಬ್ಬ ತರುಣ ವೈದ್ಯನ ಕಣ್ಣಿಗೆ ಏನೋ ಬಿದ್ದಿತ್ತು. ಹೆಸರು ಕನ್ವಲ್‌ಜೀತ್ ಸಿಂಗ್ ಆನಂದ್. ಶಸ್ತ್ರಚಿಕಿತ್ಸೆಗೆ ಹೋಗುವಾಗ ಸ್ಥಿರವಾಗಿದ್ದ ಕೂಸುಗಳು ತಿರುಗಿ ಬರುವಾಗ ಬೂದು ಬಣ್ಣಕ್ಕೆ ತಿರುಗಿ, ನಾಡಿ ಕುಸಿದು, ಉಸಿರಿಗೆ ಒದ್ದಾಡುತ್ತಿದ್ದವು. ಹೀಗೇಕೆ? ವಿಚಾರಿಸಿದರೆ, ಒಳಗೆ ಅವಕ್ಕೆ ಸರಿಯಾದ ಅರಿವಳಿಕೆಯನ್ನೇ ಕೊಡುತ್ತಿರಲಿಲ್ಲ! ಆನಂದ್ ಮತ್ತು ಸಂಗಡಿಗರು 16 ಅವಧಿಪೂರ್ವ ಶಿಶುಗಳನ್ನು ತೆಗೆದುಕೊಂಡರು. ಎಂಟಕ್ಕೆ ವಾಡಿಕೆಯ ಕ್ರಮ, ಇನ್ನೆಂಟಕ್ಕೆ ಅದರ ಜೊತೆಗೆ ಕಿಲೋಗೆ 10 ಮೈಕ್ರೊಗ್ರಾಂ ಫೆಂಟನಿಲ್ ಎಂಬ ನೋವು ತಗ್ಗಿಸುವ ಮದ್ದು. ಕೂಸಿಗೆ ಮಾತಿಲ್ಲದಿದ್ದರೇನು, ರಕ್ತಕ್ಕೆ ಮಾತಿದೆಯಲ್ಲ! ಫೆಂಟನಿಲ್ ಸಿಗದ ಕೂಸುಗಳ ರಕ್ತದಲ್ಲಿ ಅಡ್ರಿನಲಿನ್‌ನಂಥ ಒತ್ತಡದ ಹಾರ್ಮೋನುಗಳು ಉಕ್ಕಿದ್ದವು, ಸಕ್ಕರೆ ಏರಿತ್ತು, ಆಮೇಲಿನ ತೊಡಕುಗಳೂ ಹೆಚ್ಚು. ಮದ್ದು ಸಿಕ್ಕವು ಹೆಚ್ಚು ನೆಮ್ಮದಿಯಿಂದ ಚೇತರಿಸಿಕೊಂಡವು. 1987ರಲ್ಲಿ ಇದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಹದಿನಾರೇ ಕೂಸುಗಳು, ಆದರೆ ಜಗತ್ತಿನ ಶಸ್ತ್ರಚಿಕಿತ್ಸಾ ಕೊಠಡಿಗಳು ಬದಲಾದವು!

ಅದೇ ವರ್ಷ ಕೆನಡಾದಲ್ಲಿ ರೂತ್ ಗ್ರೂನೌ ಮತ್ತು ಕೆನೆತ್ ಕ್ರೇಗ್ ನೋವಿನ ಮುಖವನ್ನು ಗೆರೆಗೆರೆಯಾಗಿ ಬಿಡಿಸಿ ಓದುವ ವಿಧಾನವನ್ನು ಮುಂದಿಟ್ಟರು. ಆರಂಭದಲ್ಲಿ ನಾನು ಹೇಳಿದ ಹುಬ್ಬು, ಕಣ್ಣು, ಮೂಗಿನ ಪಕ್ಕದ ಗೆರೆ ಅಲ್ಲಿಂದಲೇ ಬಂದದ್ದು. 1996ರಲ್ಲಿ ಟೊರಾಂಟೊದ ಬಾನಿ ಸ್ಟೀವನ್ಸ್ ತಂಡ ಇವಕ್ಕೆ ಹೃದಯಬಡಿತ ಮತ್ತು ಆಮ್ಲಜನಕದ ಮಟ್ಟವನ್ನು ಸೇರಿಸಿ ಪಿಪ್ ಎಂಬ ಅಂಕಪಟ್ಟಿ ಮಾಡಿತು. ದಾದಿ ಮೊದಲು 15 ಸೆಕೆಂಡು ಸುಮ್ಮನೆ ನೋಡಬೇಕು. ಸೂಜಿ ಚುಚ್ಚಿದ ಮೇಲೆ 30 ಸೆಕೆಂಡು ಮುಖದಿಂದ ಕಣ್ಣು ಕೀಳದೆ ನೋಡಬೇಕು. ಈ ಪಟ್ಟಿಯಲ್ಲಿ ಒಂದು ಸಾಲು ಓದಿ ನನಗೆ ಗಂಟಲು ಕಟ್ಟಿತು. 28 ವಾರಕ್ಕೂ ಮುನ್ನ ಹುಟ್ಟಿದ ಕೂಸಿಗೆ ಮೊದಲೇ 3 ಅಂಕ ಸೇರಿಸಿ ಕೊಡುತ್ತಾರೆ! ಯಾಕೆ? ಅಷ್ಟು ಎಳೆಯ ಕೂಸಿಗೆ ಮುಖ ಸಿಂಡರಿಸುವ ಶಕ್ತಿಯೂ ಇರುವುದಿಲ್ಲ. ಅದು ಕಡಿಮೆ ತೋರಿಸುತ್ತದೆ, ಕಡಿಮೆ ಅನುಭವಿಸುವುದಿಲ್ಲ. ತೋರಿಸಲಾಗದ ನೋವಿಗೂ ಅಂಕ ಹಾಕಿಟ್ಟ ಆ ಮನಸ್ಸುಗಳಿಗೆ ಕೈಮುಗಿಯಬೇಕು.

ಇಷ್ಟಾದರೂ ಅನುಮಾನ ಉಳಿದವರಿಗೆ 2015ರಲ್ಲಿ ಆಕ್ಸ್‌ಫರ್ಡಿನ ರೆಬೆಕಾ ಸ್ಲೇಟರ್ ತಂಡ ಉತ್ತರ ಕೊಟ್ಟಿತು. ಹುಟ್ಟಿ ಒಂದು ವಾರವೂ ಆಗದ 10 ಆರೋಗ್ಯವಂತ ಕೂಸುಗಳು ಎಂಆರ್‌ಐ ಯಂತ್ರದಲ್ಲಿ ನಿದ್ದೆ ಮಾಡುತ್ತಿದ್ದಾಗ ಪಾದಕ್ಕೆ ಪೆನ್ಸಿಲಿನಿಂದ ಮುಟ್ಟಿದಷ್ಟು ಹಗುರಾಗಿ ಒತ್ತಿದರು. ನೋವಿನ ವೇಳೆ ದೊಡ್ಡವರ ಮಿದುಳಿನಲ್ಲಿ ಬೆಳಗುವ 20 ಜಾಗಗಳ ಪೈಕಿ 18 ಜಾಗಗಳು ಕೂಸಿನಲ್ಲೂ ಬೆಳಗಿದವು! ಅಷ್ಟೇ ಪ್ರತಿಕ್ರಿಯೆ ಹೊರಡಿಸಲು ದೊಡ್ಡವರಿಗೆ ನಾಲ್ಕು ಪಟ್ಟು ಜೋರಾಗಿ ಒತ್ತಬೇಕಾಯಿತು.

ಸರಿ, ನೋವಿದೆ. ಮದ್ದು ಕೊಡೋಣ. ಎಷ್ಟು? ನಿಜವಾದ ಬೆರಗು ಶುರುವಾಗುವುದು ಇಲ್ಲಿ.

70 ಕಿಲೋದ ಆಳಿಗೆ ಇಷ್ಟು ಮಾರ್ಫಿನ್ ಆದರೆ 1 ಕಿಲೋದ ಕೂಸಿಗೆ ಅದರ ಎಪ್ಪತ್ತರಲ್ಲೊಂದು ಪಾಲು ಎಂದು ತಕ್ಕಡಿ ಹಿಡಿದು ಹೇಳಿಬಿಡಬಹುದು ಎಂದು ನಾನೂ ಅಂದುಕೊಂಡಿದ್ದೆ. ಆ ತಕ್ಕಡಿ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಹುಟ್ಟಿದ ಕೂಸಿನ ಮೈಯಲ್ಲಿ ನಾಲ್ಕರಲ್ಲಿ ಮೂರು ಪಾಲು ನೀರು, ಅವಧಿಗೆ ಮುನ್ನ ಹುಟ್ಟಿದ್ದರೆ ನೂರಕ್ಕೆ 80ನ್ನೂ ದಾಟುತ್ತದೆ. ಕಿಡ್ನಿ ಈಗಷ್ಟೇ ಸೋಸಲು ಕಲಿಯುತ್ತಿದೆ. ಇನ್ನು ಲಿವರ್! ಮಾರ್ಫಿನ್ನನ್ನು ಮೈಯಿಂದ ಹೊರಹಾಕಲು ಲಿವರ್ ಒಂದು ಉಪಾಯ ಮಾಡುತ್ತದೆ. ಮದ್ದಿನ ಅಣುವಿಗೆ ಸಕ್ಕರೆಯ ಜಾತಿಯದೇ ಒಂದು ಬಾಲ ಅಂಟಿಸುತ್ತದೆ. ಬಾಲ ಬಂದ ಅಣು ನೀರಿನಲ್ಲಿ ಸುಲಭವಾಗಿ ಕರಗಿ ಮೂತ್ರದ ದಾರಿ ಹಿಡಿಯುತ್ತದೆ. ಬಾಲ ಅಂಟಿಸುವ ಆ ಕಿಣ್ವ ಎಳೆಗೂಸಿನಲ್ಲಿ ಇನ್ನೂ ಕಣ್ಣು ಬಿಡುತ್ತಿರುತ್ತದೆ. ಹಾಗಾಗಿ ದೇಹದಲ್ಲಿ ಮಾರ್ಫಿನ್ ಅರ್ಧಕ್ಕೆ ಇಳಿಯಲು ಅವಧಿಪೂರ್ವ ಶಿಶುವಿಗೆ ಸುಮಾರು 9 ಗಂಟೆ ಬೇಕು. ದಿನ ತುಂಬಿ ಹುಟ್ಟಿದ ಕೂಸಿಗೆ ಆರೂವರೆ ಗಂಟೆ. ಕೆಲವು ತಿಂಗಳು ಕಳೆದ ಮಗುವಿಗೆ ಎರಡೇ ಗಂಟೆ! ಅದೇ ಮದ್ದು, ಅದೇ ಲಿವರ್, ನಡುವೆ ಇರುವುದು ಬರೀ ಕಾಲ.

ಈ ಬಾಲದ ಗುಟ್ಟು ಗೊತ್ತಿಲ್ಲದಿದ್ದ ಕಾಲದಲ್ಲಿ ಎಂಥ ಅನಾಹುತವಾಗಿತ್ತು ಎಂಬುದು 1959ರಲ್ಲಿ ಬಯಲಾಗಿತ್ತು. ಸೋಂಕು ತಡೆಯಲೆಂದು ಕೊಟ್ಟ ಕ್ಲೋರಾಂಫೆನಿಕಾಲ್ ಎಂಬ ಆ್ಯಂಟಿಬಯೋಟಿಕ್ ಹಸುಗೂಸುಗಳ ಮೈಯಿಂದ ಹೊರಹೋಗದೆ ಒಳಗೇ ಕೂಡಿಕೊಂಡಿತು, ಅವು ಬೂದು ಬಣ್ಣಕ್ಕೆ ತಿರುಗಿ ಪ್ರಾಣ ಬಿಟ್ಟವು. ಅಲ್ಲೂ ಕೈಕೊಟ್ಟದ್ದು ಇದೇ ಬಗೆಯ ಬಾಲ ಅಂಟಿಸುವ ಕೆಲಸ.

ಇನ್ನೊಂದು ಚೋದ್ಯ ಕೇಳಿ. ಫೆಂಟನಿಲ್, ಮತ್ತು ಮಂಪರು ತರಿಸುವ ಮಿಡಜೋಲಾಂ, ಇವೆರಡನ್ನೂ ಅರಗಿಸುವ ಕಿಣ್ವ ಬೇರೆ. ಗರ್ಭದಲ್ಲಿರುವಾಗ ಕೂಸಿನ ಲಿವರಿನಲ್ಲಿ ಅದರ ಒಂದು ರೂಪ ದುಡಿಯುತ್ತಿರುತ್ತದೆ. ಹುಟ್ಟಿದ ಮೇಲೆ ಅದು ಮೆಲ್ಲಗೆ ಹಿಂದೆ ಸರಿದು ದೊಡ್ಡವರ ರೂಪ ಅಧಿಕಾರ ವಹಿಸಿಕೊಳ್ಳುತ್ತದೆ. ಹಗಲುಪಾಳಿಯವರು ಹೊರಟು ರಾತ್ರಿಪಾಳಿಯವರು ಇನ್ನೂ ಪೂರ್ತಿ ಬಂದಿಲ್ಲ ಎನ್ನುವ ಆ ಸಂಧಿಕಾಲದಲ್ಲೇ ಕೂಸು ಐಸಿಯುನಲ್ಲಿ ಮಲಗಿರುತ್ತದೆ!

ಹುಟ್ಟುವಾಗ ಉಸಿರು ಸಿಗದೆ ಬಳಲಿದ ಕೆಲವು ಕೂಸುಗಳ ಮಿದುಳನ್ನು ಕಾಪಾಡಲು ಮೈಯನ್ನು ಮೂರು ದಿನ ಸುಮಾರು 33.5 ಡಿಗ್ರಿಗೆ ತಣ್ಣಗಿಡುತ್ತಾರೆ. ತಂಪಿಗೆ ಕಿಣ್ವಗಳೂ ಜಡವಾಗುತ್ತವೆ, ಮಾರ್ಫಿನ್ ಒಳಗೇ ನಿಲ್ಲುತ್ತದೆ. ಅಂದರೆ ಮೈಯ ಬಿಸಿಯನ್ನೂ ಲೆಕ್ಕಕ್ಕೆ ಸೇರಿಸಬೇಕು.

ಇಷ್ಟೆಲ್ಲ ತಿಳಿಯಬೇಕಾದರೆ ರಕ್ತ ಬೇಕು. 1 ಕಿಲೋದ ಕೂಸಿನ ಮೈಯಲ್ಲಿರುವ ಒಟ್ಟು ರಕ್ತವೇ ಸುಮಾರು 90 ಮಿಲಿಲೀಟರ್. ಒಂದು ಸಣ್ಣ ಲೋಟ ಕಾಫಿಯಷ್ಟು! ದೊಡ್ಡವರಿಗೆ ಮಾಡಿದಂತೆ ಗಂಟೆಗೊಮ್ಮೆ ರಕ್ತ ತೆಗೆದು ಮದ್ದಿನ ಮಟ್ಟ ನೋಡಲು ಹೋದರೆ ಕೂಸೇ ಉಳಿಯದು. ಹಾಗಾದರೆ? ದಾರಿ ತೋರಿಸಿದ್ದು ಗಣಿತ. ಸ್ಯಾನ್‌ಫ್ರಾನ್ಸಿಸ್ಕೊದ ಲೂಯಿಸ್ ಶೈನರ್ ಮತ್ತು ಸ್ಟುವರ್ಟ್ ಬೀಲ್ 1970ರ ದಶಕದಲ್ಲಿ ಒಂದು ಲೆಕ್ಕದ ಕ್ರಮ ಕಟ್ಟಿದರು. ಒಬ್ಬನಿಂದಲೇ ಹತ್ತು ಸಲ ರಕ್ತ ತೆಗೆಯಬೇಕಿಲ್ಲ. ನೂರಾರು ಜನರಿಂದ, ಯಾವ್ಯಾವುದೋ ಹೊತ್ತಿನಲ್ಲಿ ಸಿಕ್ಕ ಒಂದೆರಡು ಮಾದರಿಗಳನ್ನು ಒಟ್ಟಿಗೆ ಹೆಣೆದರೆ ಇಡೀ ಗುಂಪಿನ ಚಿತ್ರವೂ ಅದರೊಳಗೆ ಒಬ್ಬೊಬ್ಬರ ವ್ಯತ್ಯಾಸವೂ ಮೂಡುತ್ತದೆ. ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ ಎಂಬ ನಮ್ಮ ಗಾದೆಗೆ ಇದಕ್ಕಿಂತ ಅಕ್ಷರಶಃ ಉದಾಹರಣೆ ನನಗೆ ಗೊತ್ತಿಲ್ಲ. ಕೂಸುಗಳು ಒಂದೊಂದು ಹನಿ ಕೊಟ್ಟವು, ಮುಂದೆ ಹುಟ್ಟುವ ಕೂಸುಗಳಿಗಾಗಿ.

ಈ ಹನಿಗಳಿಂದ ಹಳ್ಳ ಕಟ್ಟಿದವರಲ್ಲಿ ನೆದರ್ಲೆಂಡ್ಸಿನವರು ಮುಂಚೂಣಿಯಲ್ಲಿದ್ದಾರೆ. ರಾಟರ್‌ಡ್ಯಾಮಿನ ಸೋಫಿಯಾ ಮಕ್ಕಳ ಆಸ್ಪತ್ರೆಯಲ್ಲಿ ಡಿಕ್ ಟಿಬೋಲ್, ಔಷಧಿಯ ಲೆಕ್ಕದಲ್ಲಿ ಪಳಗಿದ ಕ್ಯಾಥರೈನ್ ಕ್ನಿಬ್ಬೆ, ಎಲ್ಕೆ ಕ್ರೆಕೆಲ್ಸ್ ಮತ್ತಿತರರು. ಮೂರು ವರ್ಷದೊಳಗಿನ ಇನ್ನೂರಕ್ಕೂ ಹೆಚ್ಚು ಮಕ್ಕಳ ಅಂಕಿ ಅಂಶ ಸೇರಿಸಿ ಅವರು 2009ರಲ್ಲಿ ಮಾರ್ಫಿನ್ನಿನ ಮಾದರಿಯೊಂದನ್ನು ಪ್ರಕಟಿಸಿದರು. ಅದರಿಂದ ಹೊರಟ ಸೂತ್ರವನ್ನು ಶಸ್ತ್ರಚಿಕಿತ್ಸೆಯಾದ ಕೂಸುಗಳಲ್ಲಿ ಪರೀಕ್ಷಿಸಿ 2014ರಲ್ಲಿ ಮುಂದಿಟ್ಟರು. ಸೂತ್ರ ಹೀಗಿದೆ. ಕೂಸಿನ ತೂಕವನ್ನು ಅದರದೇ ವರ್ಗಮೂಲದಿಂದ ಗುಣಿಸಿ. ಹುಟ್ಟಿ 10 ದಿನ ಆಗಿಲ್ಲದಿದ್ದರೆ ಬಂದದ್ದನ್ನು 2.5ರಿಂದ ಗುಣಿಸಿ, 10 ದಿನ ದಾಟಿದ್ದರೆ 5ರಿಂದ. ಗಂಟೆಗೆ ಅಷ್ಟು ಮೈಕ್ರೊಗ್ರಾಂ.

ನಾನು ಪೆನ್ನು ಹಿಡಿದು ಕೂತೆ. 3 ಕಿಲೋದ ನಾಲ್ಕು ದಿನದ ಕೂಸು. ಮೂರರ ವರ್ಗಮೂಲ 1.73. ಗುಣಿಸಿದರೆ 5.2, ಅದನ್ನು 2.5ರಿಂದ ಗುಣಿಸಿದರೆ 13. ಗಂಟೆಗೆ 13 ಮೈಕ್ರೊಗ್ರಾಂ. ದೊಡ್ಡವರಿಗೆ ಬಳಸುವ 10 ಮಿಲಿಗ್ರಾಮಿನ ಒಂದೇ ಒಂದು ಆಂಪುಲ್ ಒಡೆದರೆ ಅದರಲ್ಲಿರುವುದು 10,000 ಮೈಕ್ರೊಗ್ರಾಂ. ಈ ಕೂಸಿಗೆ ಅದು 769 ಗಂಟೆಗೆ ಸಾಕು. ಒಂದು ತಿಂಗಳಿಗೂ ಹೆಚ್ಚು! ಒಂದು ದಶಮಾಂಶ ಬಿಂದು ಆಚೀಚೆ ಜರುಗಿದರೆ ಏನಾದೀತು ಎಂದು ನೆನೆದೇ ಮೈ ನಡುಗಿತು. ಇಬ್ಬಿಬ್ಬರು ದಾದಿಯರು ಒಂದೇ ಸಿರಿಂಜಿನ ಲೆಕ್ಕವನ್ನು ಎರಡೆರಡು ಸಲ ನೋಡುವುದು ಯಾಕೆಂದು ಆಗ ಅರ್ಥವಾಯಿತು.

ಈಗ ಅದೇ ಕೂಸು ಕೆಲವು ತಿಂಗಳು ಕಳೆದು 6 ಕಿಲೋ ಆಗಿದೆ ಅನ್ನಿ. ಆರರ ವರ್ಗಮೂಲ 2.45, ಆರರಿಂದ ಗುಣಿಸಿದರೆ 14.7, ಅದು ಐದು ಪಟ್ಟಾದರೆ 73. ತೂಕ ಎರಡು ಪಟ್ಟಾಯಿತು, ಮದ್ದು ಐದೂವರೆ ಪಟ್ಟಿಗೂ ಹೆಚ್ಚಾಯಿತು! ಹಳೆಯ ತಕ್ಕಡಿಯಲ್ಲಿ ತೂಗಿದ್ದರೆ ಎಳೆಗೂಸಿಗೆ ವಿಪರೀತ ಹೆಚ್ಚು, ಬೆಳೆದ ಕೂಸಿಗೆ ತೀರಾ ಕಡಿಮೆ, ಎರಡೂ ಏಕಕಾಲಕ್ಕೆ ಆಗುತ್ತಿತ್ತು.

ಆ ಹತ್ತನೆಯ ದಿನದ ಗೆರೆ ನೋಡಿ ಒಂದು ಕ್ಷಣ ಪುಸ್ತಕ ಮಡಚಿಟ್ಟೆ. ನಮ್ಮ ಮನೆಗಳಲ್ಲಿ ಪುರುಡು ಹತ್ತು ದಿನ. ಹನ್ನೊಂದಕ್ಕೆ ಮೈಲಿಗೆ ಕಳೆದು, ಕೂಸಿಗೆ ಎಣ್ಣೆನೀರು ಹಾಕಿ ತೊಟ್ಟಿಲಿಗೆ ಇಡುತ್ತೇವೆ. ಎರಡಕ್ಕೂ ಯಾವ ಸಂಬಂಧವೂ ಇಲ್ಲ, ಕಾಕತಾಳೀಯ ಅಷ್ಟೇ. ಆದರೂ ಹತ್ತು ದಿನ ಎಂದರೆ ಕೂಸಿನ ಬದುಕಿನಲ್ಲಿ ಎಂಥ ದೊಡ್ಡ ಕಾಲಾವಧಿ ಎಂಬುದು ಮನಸ್ಸಿಗೆ ನಾಟಿತು.

ಇನ್ನೂ ಒಂದು ತಿರುವಿದೆ. ಈ ಸೂತ್ರದ ಪ್ರಕಾರ ಕೊಟ್ಟಾಗ ಹತ್ತು ದಿನದೊಳಗಿನ ಕೂಸುಗಳಿಗೆ ವಾಡಿಕೆಗಿಂತ ಎಷ್ಟೋ ಕಡಿಮೆ ಮದ್ದೇ ಬಹುಮಟ್ಟಿಗೆ ಸಾಕಾಯಿತು. ದೊಡ್ಡ ಕೂಸುಗಳು ಮೇಲೆ ಇನ್ನಷ್ಟು ಕೇಳಿದವು! ರಕ್ತದಲ್ಲಿ ಮದ್ದಿನ ಮಟ್ಟವನ್ನು ಸರಿದೂಗಿಸಿದರೂ ನೋವು ತಗ್ಗುವುದು ಮಾತ್ರ ಒಂದೇ ಸಮ ಇರಲಿಲ್ಲ. ಲಿವರಿನ ಲೆಕ್ಕ ಬಿಡಿಸಿದ ಮೇಲೂ ಮಿದುಳಿನ ಲೆಕ್ಕ ಬಾಕಿ ಉಳಿದಿದೆ.

ಹಾಗಾದರೆ ಎಲ್ಲ ಕೂಸುಗಳಿಗೂ ಒಂದಿಷ್ಟು ಮಾರ್ಫಿನ್ ಹಾಕಿಟ್ಟರೆ ಆಯಿತಲ್ಲ? ಖಂಡಿತ ಕೂಡದು. ಆನಂದ್ ಅವರೇ ಮುಂದಾಳಾಗಿ ನಡೆಸಿದ ನಿಯೋಪೇನ್ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ವೆಂಟಿಲೇಟರಿನಲ್ಲಿದ್ದ 898 ಅವಧಿಪೂರ್ವ ಶಿಶುಗಳನ್ನು ಅದು ಒಳಗೊಂಡಿತ್ತು. ಮಾರ್ಫಿನ್ ಹನಿಸುತ್ತಲೇ ಇದ್ದರೆ ಮಿದುಳಿನ ರಕ್ತಸ್ರಾವ ತಪ್ಪೀತು, ಸಾವು ಕಡಿಮೆಯಾದೀತು ಎಂಬ ಆಸೆ ಈಡೇರಲಿಲ್ಲ. ಬದಲಿಗೆ ರಕ್ತದೊತ್ತಡ ಕುಸಿಯುವ ಅಪಾಯ ಕಂಡಿತು. 2018ರಲ್ಲಿ ಆಕ್ಸ್‌ಫರ್ಡಿನವರು ಕಣ್ಣಿನ ತಪಾಸಣೆಗೆ ಮುನ್ನ ಬಾಯಿಯ ಮೂಲಕ ಮಾರ್ಫಿನ್ ಕೊಟ್ಟು ನೋಡುತ್ತಿದ್ದ ಪ್ರಯೋಗವನ್ನು 31 ಕೂಸುಗಳಿಗೇ ನಿಲ್ಲಿಸಬೇಕಾಯಿತು. ಉಸಿರಾಟಕ್ಕೆ ತೊಂದರೆಯಾಗುತ್ತಿತ್ತು, ನೋವೂ ತಗ್ಗುತ್ತಿರಲಿಲ್ಲ. ನೋವಿಲ್ಲ ಎಂಬ ಹಳೆಯ ನಂಬಿಕೆಯನ್ನು ಮುರಿದ ಮನುಷ್ಯನೇ, ಎಲ್ಲರಿಗೂ ಒಂದೇ ಮದ್ದು ಎಂಬ ಹೊಸ ನಂಬಿಕೆಯನ್ನೂ ಪರೀಕ್ಷೆಗೆ ಒಡ್ಡಿದ. ಈ ಪ್ರಾಮಾಣಿಕತೆ ನನಗೆ ಆ ಮೊದಲ ಆವಿಷ್ಕಾರಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಒಳ್ಳೆಯ ಸುದ್ದಿ ಬಂದದ್ದು ಎಲ್ಲಿಂದ ಗೊತ್ತೇ? ನಮ್ಮೆಲ್ಲರ ಮನೆಯ ಔಷಧಿ ಡಬ್ಬಿಯಲ್ಲಿರುವ ಪ್ಯಾರಾಸಿಟಮಾಲ್‌ನಿಂದ! ರಾಟರ್‌ಡ್ಯಾಮಿನಲ್ಲಿ ದೊಡ್ಡ ಶಸ್ತ್ರಚಿಕಿತ್ಸೆಯಾದ, ಒಂದು ವರ್ಷದೊಳಗಿನ 71 ಮಕ್ಕಳ ಅಧ್ಯಯನ 2013ರಲ್ಲಿ ಬಂತು. ರಕ್ತನಾಳದ ಮೂಲಕ ಪ್ಯಾರಾಸಿಟಮಾಲ್ ಕೊಟ್ಟ ಕೂಸುಗಳಿಗೆ ಮಾರ್ಫಿನ್ ಬೇಕಾದ ಪ್ರಮಾಣ ನೂರಕ್ಕೆ 66ರಷ್ಟು ಇಳಿಯಿತು.

ಇನ್ನು ಅಂಗಡಿಯಲ್ಲಿ ಸಿಗದ ಮದ್ದು. ಸ್ಲೇಟರ್ ತಂಡವೇ 2018ರಲ್ಲಿ ಇದನ್ನೂ ಅಳೆಯಿತು. ಮೃದುವಾದ ಬ್ರಷ್ಷಿನಿಂದ ಕೂಸಿನ ಚರ್ಮವನ್ನು ಸೆಕೆಂಡಿಗೆ 3 ಸೆಂಟಿಮೀಟರ್ ವೇಗದಲ್ಲಿ ಸವರಿ, ಆಮೇಲೆ ಹಿಮ್ಮಡಿ ಚುಚ್ಚಿ ರಕ್ತ ತೆಗೆದರೆ ಮಿದುಳಿನಲ್ಲಿ ನೋವಿನ ಅಲೆ ತಗ್ಗಿರುತ್ತದೆ! ನಮ್ಮ ಅಜ್ಜಿಯರು ಮೊಮ್ಮಕ್ಕಳ ಬೆನ್ನು ಸವರುವಾಗ ಯಾರು ಸ್ಕೇಲು ಹಿಡಿದಿದ್ದರು? ತಾಯಿಯ ಎದೆಗೆ ಬರಿಮೈಯಲ್ಲಿ ಕೂಸನ್ನು ಒರಗಿಸುವ ಕಾಂಗರೂ ಆರೈಕೆಯಿಂದಲೂ ಚುಚ್ಚುವ ನೋವು ತಗ್ಗುತ್ತದೆ. 1970ರ ದಶಕದ ಕೊನೆಯಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಇನ್‌ಕ್ಯುಬೇಟರಿನ ಕೊರತೆಯಿಂದ ಶುರುವಾದ ಪದ್ಧತಿ ಇದು. ಇದನ್ನು ಇಡೀ ಜಿಲ್ಲೆಗೆ ಮುಟ್ಟಿಸುವುದು ಹೇಗೆಂದು ವಿಶ್ವ ಆರೋಗ್ಯ ಸಂಸ್ಥೆ ಇಥಿಯೋಪಿಯಾ ಮತ್ತು ಭಾರತದಲ್ಲಿ ನಡೆಸಿದ ಸಂಶೋಧನೆಗೆ ಕರ್ನಾಟಕದಿಂದ ಆಯ್ಕೆಯಾದದ್ದು ನಮ್ಮ ಕೊಪ್ಪಳ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ತಜ್ಞರು ಅಲ್ಲಿ ಕೆಲಸ ಮಾಡಿದರು. ಬಿಸಿಲ ನಾಡಿನ ಬಾಣಂತಿಯರ ಎದೆಯ ಮೇಲೆ ಜಗತ್ತಿಗೆ ಬೇಕಾದ ಪಾಠ ಬರೆಯಲ್ಪಟ್ಟಿತು!

ಇಷ್ಟು ತಿಳಿದ ಮೇಲೂ ತಿಳಿವು ಮಂಚದ ತನಕ ತಲುಪಲು ತಡವಾಗುತ್ತದೆ. ಪ್ಯಾರಿಸ್ ಸುತ್ತಲಿನ ಐಸಿಯುಗಳಲ್ಲಿ 430 ಕೂಸುಗಳನ್ನು ಹಾಸಿಗೆಯ ಪಕ್ಕದಲ್ಲೇ ನಿಂತು ಗಮನಿಸಿದ ಅಧ್ಯಯನವೊಂದು 2008ರಲ್ಲಿ ಬಂತು. ಒಂದೊಂದು ಕೂಸಿಗೆ ದಿನಕ್ಕೆ ಹತ್ತರಷ್ಟು ನೋವಿನ ಕೆಲಸಗಳು ನಡೆಯುತ್ತಿದ್ದವು: ಹಿಮ್ಮಡಿ ಚುಚ್ಚುವುದು, ಕೊಳವೆಯೊಳಗಿನ ಕಫ ಹೀರುವುದು, ಅಂಟುಪಟ್ಟಿ ಕೀಳುವುದು. ಅಂಥ ನೂರರಲ್ಲಿ 79ಕ್ಕೆ ನೋವು ತಗ್ಗಿಸುವ ಯಾವ ನಿರ್ದಿಷ್ಟ ಉಪಾಯವನ್ನೂ ಮಾಡಿರಲಿಲ್ಲ.

ಆದ್ದರಿಂದ ನಿಮ್ಮ ಮನೆಯ ಕೂಸು ಎಂದಾದರೂ ಆ ಗಾಜಿನ ಪೆಟ್ಟಿಗೆಯೊಳಗೆ ಮಲಗಬೇಕಾಗಿ ಬಂದರೆ, ದಯವಿಟ್ಟು ಸಂಕೋಚಪಡಬೇಡಿ. ಮದ್ದಿನ ಅಳತೆ ವೈದ್ಯರದು, ಅದನ್ನು ಅವರಿಗೇ ಬಿಡಿ. ಆದರೆ ಇವತ್ತು ಕೂಸಿನ ನೋವಿನ ಅಂಕ ಎಷ್ಟು, ಚುಚ್ಚುವ ಮುನ್ನ ಏನು ಕೊಡುತ್ತೀರಿ, ಆ ಹೊತ್ತಿಗೆ ನಾನು ಒಳಗೆ ಬಂದು ಎದೆಗೆ ಒರಗಿಸಿಕೊಳ್ಳಬಹುದೇ, ಈ ಮೂರು ಮಾತು ಕೇಳಿ. ಕೂಸಿಗೆ ಕೇಳಲು ದನಿಯಿಲ್ಲ, ನೀವು ಕೇಳಿ.